ನಿನ್ನ ದನಿಯಲ್ಲಿ ಒಲ್ಲೆ ಅಂದವನು ನಾನು

ವಿಮಲಕ್ಕಾ, ನಿನ್ನ ಲಗ್ನ ನಿಶ್ಚಯವಾಗಿದೆ ಎಂದು ದಿಲ್ಲಿಯವರಿಗೆ ಹೇಳಿದ್ದು ನಿನ್ನ ಅಪ್ಪ, ನನ್ನ ದೊಡ್ಡಪ್ಪ, ಅಲ್ಲ. ನಾನು. ಅದೂ ನನ್ನ ದನಿಯಲ್ಲಿ ಅಲ್ಲ — ನಿನ್ನ ದನಿಯಲ್ಲಿ.

ಇಷ್ಟು ಬರೆದು ಪೆನ್ನಿನ ಟೊಪ್ಪಿಗೆ ಹಾಕಿ ಎದ್ದುಹೋಗಿದ್ದೆ. ಅಂಗಡಿಯ ಮುಂದೆ ಎರಡು ಸುತ್ತು ಹಾಕಿ ಮತ್ತೆ ಬಂದು ಕೂತಿದ್ದೇನೆ. ಇಡೀ ಅಥಣಿ ಪೇಟೆಯ ದನಿಯನ್ನು ಅಣಕಿಸಿ ತೆಗೆಯುವ ನಾಲಿಗೆ ಇದು. ಪೋಸ್ಟ್ ಮಾಸ್ತರರ ಕೆಮ್ಮಿನಿಂದ ಹಿಡಿದು ಬಸ್‌ಸ್ಟ್ಯಾಂಡಿನ ಕಂಟ್ರೋಲರ್ ಮೂಗಿನಲ್ಲಿ ಕೂಗುವ ‘ಮೀರಜ, ಮೀರಜ’ದ ತನಕ ಎಲ್ಲ ತೆಗೆದಿದೆ. ಇದೊಂದು ಮಾತನ್ನು ಮಾತ್ರ ಒಂಬತ್ತು ವರ್ಷ ತೆಗೆಯಲಿಲ್ಲ. ನಿನಗೆ ಗೊತ್ತಿರುವುದನ್ನೂ ಸೇರಿಸಿ ಮೊದಲಿನಿಂದ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡ. ಯಾಕೆಂದರೆ ನಿನಗೆ ಗೊತ್ತಿರುವುದರಲ್ಲಿ ಅರ್ಧ ಸುಳ್ಳು, ಆ ಅರ್ಧ ನನ್ನದು.

ಆ ಫಾರಂ ನೆನಪಿದೆಯಲ್ಲ? ನೀನು ಧಾರವಾಡದಲ್ಲಿ ಅಗ್ರಿ ಬಿ.ಎಸ್ಸಿ. ಮುಗಿಸಿ ಕಾಗವಾಡದ ತೋಟದ ಮನೆಗೆ ಬಂದ ವರ್ಷ. ಹೊರದೇಶದ ಹುಡುಗರು ತಮ್ಮಲ್ಲಿ ಬಂದು ಎಂ.ಎಸ್ಸಿ. ಓದಲಿ ಎಂದು ಆಸ್ಟ್ರೇಲಿಯಾ ಸರಕಾರ ತನ್ನ ದಿಲ್ಲಿ ಕಚೇರಿಯ ಮೂಲಕ ಕೊಡುವ ಸ್ಕಾಲರ್‌ಶಿಪ್ಪು. ನಿಮ್ಮ ಪ್ರೊಫೆಸರರು ಅದರ ಫಾರಂ ಅಂಚೆಯಲ್ಲಿ ಕಳಿಸಿದ್ದರು. ನೀನು ಅದನ್ನು ಪಡಸಾಲೆಯಲ್ಲಿ ಹರಡಿಕೊಂಡು ಕೂತರೆ ಮನೆಮಂದಿಯೆಲ್ಲ ಸುತ್ತ ಕೂರುತ್ತಿದ್ದರು, ಪಂಚಾಂಗ ಕೇಳಲು ಕೂತ ಹಾಗೆ. ದೊಡ್ಡಪ್ಪ ಕೈ ತೊಳೆದು, ಧೋತರಕ್ಕೆ ಒರೆಸಿ, ಆಮೇಲೆ ಅದನ್ನು ಮುಟ್ಟುತ್ತಿದ್ದರು. ಏನು ಓದಬೇಕೆಂದಿದ್ದೀರಿ, ಯಾಕೆ ಎಂದು ಕೇಳಿದ ಪುಟದಲ್ಲಿ ನೀನು ನಮ್ಮ ಮಣೂಕದ, ಅಂದರೆ ಒಣದ್ರಾಕ್ಷಿಯ, ಶೆಡ್ಡಿನ ಕತೆ ಬರೆದೆ — ನಮ್ಮ ದ್ರಾಕ್ಷಿ ಒಣಗುತ್ತ ಒಣಗುತ್ತ ಯಾಕೆ ಕಪ್ಪಾಗುತ್ತದೆ, ಆ ದೇಶದಲ್ಲಿ ಅದೇ ದ್ರಾಕ್ಷಿ ಯಾಕೆ ಜೇನಿನ ಬಣ್ಣದಲ್ಲೇ ಉಳಿಯುತ್ತದೆ. ದೊಡ್ಡಪ್ಪ ಅದನ್ನು ಕನ್ನಡದಲ್ಲಿ ಓದಿಸಿಕೊಂಡು ಕೇಳಿದರು. ನನ್ನ ಶೆಡ್ ಇಂಗ್ಲಿಷಿನಾಗ ಹೋಗಾಕತ್ತೈತಿ ಅಂತ ಮರುದಿನ ಬೆಳಿಗ್ಗೆ ಹಾಲು ಹಾಕಲು ಬಂದವನಿಗೂ ಹೇಳಿದರು.

ಸರ್ಟಿಫಿಕೇಟುಗಳ ನಕಲಿಗೆ ಗೆಜೆಟೆಡ್ ಆಫೀಸರ್ ಸಹಿ ಬೇಕಿತ್ತು. ನಮಗೆ ಹತ್ತಿರದ ಗೆಜೆಟೆಡ್ ಆಫೀಸರ್ ಅಂದರೆ ದನದ ಡಾಕ್ಟರು. ಅವರು ಒಂದು ಕೈ ಎಮ್ಮೆಯ ಕಡೆ ಇಟ್ಟುಕೊಂಡೇ ಇನ್ನೊಂದು ಕೈಯಲ್ಲಿ ನಿನ್ನ ಡಿಗ್ರಿ ನಿಜ ಎಂದು ಸಹಿ ಮಾಡಿದ್ದು, ಬರುವಾಗ ದಾರಿಯುದ್ದಕ್ಕೂ ನಾನು ಡಾಕ್ಟರನ್ನೂ ಎಮ್ಮೆಯನ್ನೂ ಎರಡೂ ದನಿ ಮಾಡಿ ನಿನ್ನನ್ನು ನಗಿಸಿದ್ದು... ನೀನು ಹೊಟ್ಟೆ ಹಿಡಿದುಕೊಂಡು ನಡುರಸ್ತೆಯಲ್ಲಿ ಕೂತೇ ಬಿಟ್ಟಿದ್ದೆ. ಅಷ್ಟು ನಗುವ ಅಕ್ಕ ಇದ್ದರೆ ತಮ್ಮನಾದವನು ಕೆಡದೆ ಏನು ಮಾಡುತ್ತಾನೆ? ಇಲ್ಲ, ಇದು ನೆಪ. ಹೊಡೆದು ಹಾಕು.

ಅದೇ ತಿಂಗಳು ರಾಯಬಾಗದಿಂದ ವರ ಬಂದಿದ್ದ. ಪ್ರತಿ ಮಾತಿಗೂ ಮೊದಲು ಗಂಟಲು ಸರಿಮಾಡಿಕೊಳ್ಳುತ್ತಿದ್ದನಲ್ಲ, ಆತ. ದೊಡ್ಡಪ್ಪ ಅವರಿಗೆ ಹುಡುಗಿ ಓದಲು ಹೊರಟಿದ್ದಾಳೆ, ಎರಡು ವರ್ಷ ಲಗ್ನದ ಮಾತು ಬೇಡ ಎಂದು ಹೇಳಿ ಕೈಮುಗಿದು ಕಳಿಸಿದರು. ಅವರು ಮತ್ತೊಮ್ಮೆ ಬಂದರು, ಮತ್ತೊಮ್ಮೆ ಕಳಿಸಿದರು. ಇದನ್ನು ನಾನು ಕಣ್ಣಾರೆ ಕಂಡವನು. ಇದನ್ನು ನೆನಪಿಟ್ಟುಕೋ ಅಕ್ಕಾ, ಮುಂದೆ ಬೇಕಾಗುತ್ತದೆ.

ಫಾರಂನಲ್ಲಿ ಫೋನಿನ ಕಾಲಂ ಇತ್ತು. ತೋಟದ ಮನೆಗೆ ಫೋನ್ ಎಲ್ಲಿಂದ ಬರಬೇಕು? ನೀನು ಅಥಣಿಯ ನಮ್ಮ ಅಂಗಡಿಯ ನಂಬರ್ ಬರೆದು ಮುಂದೆ ಪಿ.ಪಿ. ಎಂದು ಹಾಕಿದೆ — ಫೋನು ಬೇರೆಯವರದು, ಕರೆದು ಕೊಡುತ್ತಾರೆ ಎಂದು. ಅಪ್ಪನ ಆ ಗೊಬ್ಬರ-ಔಷಧದ ಅಂಗಡಿಯಲ್ಲಿ, ಪಿಯುಸಿ ಎರಡು ಸಲ ಫೇಲಾದ ಹತ್ತೊಂಬತ್ತರ ನಾನು ಫೋನಿನ ಪಕ್ಕದಲ್ಲೇ ಕೂರುತ್ತಿದ್ದೆ. ನಮ್ಮ ಓಣಿಯ ಇಪ್ಪತ್ತು ಮನೆಗೆ ಅದೇ ಪಿ.ಪಿ.

ಆಗಿನ ಟ್ರಂಕ್ ಕಾಲ್ ಹೇಗಿರುತ್ತಿತ್ತು ಎಂದು ಈಗಿನ ಎಸ್‌ಟಿಡಿ ಬೂತಿನ ಕಾಲದಲ್ಲಿ ಯಾರೂ ನೆನೆಸುವುದಿಲ್ಲ. ಬೆಳಿಗ್ಗೆ ಬುಕ್ ಮಾಡಿದ್ದು ಮಧ್ಯಾಹ್ನ ಬರುತ್ತಿತ್ತು. ಅವರು ಇಲ್ಲ, ಕರೆದುಕೊಂಡು ಬರುತ್ತೇನೆ ಎನ್ನುವಷ್ಟರಲ್ಲಿ ಲೈನು ಹೋಗುತ್ತಿತ್ತು, ಆ ದಿನಕ್ಕೆ ಮುಗಿಯಿತು. ಅದಕ್ಕೆ ನಮ್ಮ ಪೇಟೆಯಲ್ಲಿ ಫೋನ್ ಇದ್ದವರೆಲ್ಲರದೂ ಒಂದೇ ರೂಢಿ: ಯಾರನ್ನು ಕೇಳಿದರೂ ‘ಹಾಂ, ನಾನಽ ಮಾತಾಡಾಕತ್ತೇನಿ’ ಅನ್ನಬೇಕು, ಸುದ್ದಿ ಕೇಳಿಕೊಳ್ಳಬೇಕು, ಆಮೇಲೆ ಆ ಮನೆಗೆ ಹೋಗಿ ಮುಟ್ಟಿಸಬೇಕು. ಇದನ್ನು ಯಾರೂ ಮೋಸ ಅನ್ನುತ್ತಿರಲಿಲ್ಲ, ನೆರೆಹೊರೆಯ ಧರ್ಮ ಅನ್ನುತ್ತಿದ್ದರು. ನಾನು ಆ ಧರ್ಮಕ್ಕೆ ಸ್ವಲ್ಪ ಒಗ್ಗರಣೆ ಹಾಕಿದೆ, ಅಷ್ಟೆ. ಎದುರಿನ ಟೇಲರ್ ಚಾಚಾನಿಗೆ ಫೋನ್ ಬಂದರೆ ಚಾಚಾನ ದನಿಯಲ್ಲೇ ಮಾತಾಡುತ್ತಿದ್ದೆ. ನಿಪ್ಪಾಣಿಯ ತಂಬಾಕಿನ ದಲಾಲರು ಪಕ್ಕದ ಮನೆಯ ಪಾಟೀಲರನ್ನು ಕೇಳಿದರೆ ಪಾಟೀಲರ ಹಾಗೆ ಅರ್ಧ ಮರಾಠಿಯಲ್ಲಿ ಗದರುತ್ತಿದ್ದೆ. ನನಗಿಂತ ಛಲೋ ಬೈತಾನ ಹುಡುಗ ಎಂದು ಪಾಟೀಲರೇ ಒಪ್ಪಿಕೊಂಡಿದ್ದರು.

ಎಲ್ಲರಿಗಿಂತ ಸುಲಭ ನಿನ್ನ ದನಿ. ಉತ್ತರಕ್ಕೆ ಮೊದಲು ಸಣ್ಣದೊಂದು ‘ಅಂ...’, ಮಾತಿನ ಕೊನೆಗೆ ಸ್ವಲ್ಪ ಮೇಲೆ ಹೋಗಿ ನಿಲ್ಲುವ ರಾಗ. ಆಮೇಲೆ ನಿನ್ನ ಆ ಒಲ್ಲೆ. ನಮ್ಮ ಕಡೆ ಯಾರ ಮನೆಗೆ ಹೋದರೂ ಚಹಾ ಅಂದಕೂಡಲೆ ಕೈ ಚಾಚುವವನನ್ನು ಹುಟ್ಟಾ ಹಸಿದವನು ಅನ್ನುತ್ತಾರೆ. ಒಲ್ಲೆರಿ ಅನ್ನಬೇಕು. ಅವರು ಒತ್ತಾಯ ಮಾಡಬೇಕು. ಮತ್ತೆ ಒಲ್ಲೆರಿ. ಮೂರನೆಯ ಸಲಕ್ಕೆ ಕಪ್ಪು ಕೈಗೆ ಬರುತ್ತದೆ. ಎಲ್ಲರೂ ಹೀಗೇ, ಆದರೆ ನೀನು ಅದರಲ್ಲಿ ಪಟ್ಟದ ರಾಣಿ. ನಿನ್ನನ್ನು ಮಾಡಿ ತೋರಿಸು ಅಂದರೆ ನಾನು ಎರಡು ಒಲ್ಲೆ ಅಂದು, ಮೂರನೆಯದಕ್ಕೆ ಕಣ್ಣು ಕೆಳಗೆ ಮಾಡಿ ಕೈ ಚಾಚುತ್ತಿದ್ದೆ. ಮನೆಮಂದಿ ಬಿದ್ದು ಬಿದ್ದು ನಗುತ್ತಿದ್ದರು. ನೀನೂ.

ಒಂದು ದಿನ ಮಧ್ಯಾಹ್ನ ಅಪ್ಪ ಊಟಕ್ಕೆ ಹೋಗಿದ್ದರು. ಗೊಬ್ಬರದ ಚೀಲದ ಮೇಲೆ ಒಬ್ಬ ಗಿರಾಕಿ ಕೂತಿದ್ದ. ಫೋನ್ ಬಂತು. ದಿಲ್ಲಿ. ಮಿಸ್ ವಿಮಲಾ ಬೇಕು. ನೀನು ಕಾಗವಾಡದಲ್ಲಿ, ನಾನು ಅಥಣಿಯಲ್ಲಿ, ಲೈನು ಯಾವಾಗ ಹೋಗುತ್ತದೋ ಗೊತ್ತಿಲ್ಲ. ನಾನು ‘ಅಂ...’ ಅಂದೆ.

ಆ ಕಡೆ ಒಬ್ಬ ಹೆಂಗಸು, ವಯಸ್ಸಾದವರು, ಮೆತ್ತನೆ ಮಾತಿನವರು. ಮೊದಲು ಇಂಗ್ಲಿಷಿನಲ್ಲಿ ಮಾತಾಡಿದರು. ನನಗೆ ಬರುತ್ತಿದ್ದದ್ದು ಇಂಗ್ಲಿಷಿನ ದನಿ, ಇಂಗ್ಲಿಷ್ ಅಲ್ಲ. ಅವರಿಗೆ ಅದು ತಿಳಿಯಿತೋ ಏನೋ, ಹಿಂದಿಗೆ ಇಳಿದರು. ಹಿಂದಿ ನನಗೆ ಚೆನ್ನಾಗಿ ತಿಳಿಯುತ್ತದೆ. ಆದ್ದರಿಂದ ಅರ್ಥವಾಗಲಿಲ್ಲ ಎಂದು ನಾನು ಹೇಳುವ ಹಾಗಿಲ್ಲ. ಪೂರಾ ಅರ್ಥವಾಯಿತು.

ನಿಮ್ಮ ಅರ್ಜಿ ನಮಗೆ ಹಿಡಿಸಿದೆ ಎಂದರು. ಒಣದ್ರಾಕ್ಷಿಯ ಪುಟವನ್ನು ಎಲ್ಲರೂ ಓದಿದ್ದೇವೆ ಎಂದರು. ದಿಲ್ಲಿಗೆ ಸಂದರ್ಶನಕ್ಕೆ ಕರೆಯುವ ಮೊದಲು ಒಂದೆರಡು ಮಾತು. ಎರಡು ವರ್ಷ ಅಲ್ಲಿದ್ದು ಓದಿ, ಮುಗಿದ ಮೇಲೆ ನಿಮ್ಮ ಊರಿಗೆ ಮರಳಿ ಬರಲೇಬೇಕು, ಬರುತ್ತೀರಾ?

ಇಲ್ಲಿ ನನ್ನ ತಲೆ ಓಡಿತು. ಸೊಸೈಟಿಯಲ್ಲಿ ಜಾಮೀನು ಕೇಳುವ ಹಾಗೆ ಕೇಳುತ್ತಿದ್ದಾರೆ, ಗಟ್ಟಿ ಜಾಮೀನು ಕೊಡಬೇಕು ಅನ್ನಿಸಿತು. ಹೆಣ್ಣುಮಗಳು ಪರದೇಶದಿಂದ ಮರಳಿ ಬಂದೇ ಬರುತ್ತಾಳೆ ಎನ್ನುವುದಕ್ಕೆ ನಮ್ಮಲ್ಲಿ ಲಗ್ನಕ್ಕಿಂತ ದೊಡ್ಡ ಜಾಮೀನು ಯಾವುದು? ಕಳಿಸಿಬಿಟ್ಟಿದ್ದ ರಾಯಬಾಗದ ವರನನ್ನು ವಾಪಸು ಕರೆದುಕೊಂಡೆ. ಬಂದೇ ಬರುತ್ತೇನೆ ಮೇಡಂ, ನನ್ನ ಲಗ್ನ ನಿಶ್ಚಯವಾಗಿದೆ, ಮನೆಯವರು ಕಾಯುತ್ತಾರೆ ಎಂದೆ. ನಿನ್ನ ರಾಗದಲ್ಲಿ. ಚೀಲದ ಮೇಲಿನ ಗಿರಾಕಿ ಬಾಯಿಗೆ ಟವೆಲ್ ಒತ್ತಿಕೊಂಡ.

ಲಗ್ನ ಯಾವಾಗ ಎಂದು ಕೇಳಿದರು. ಬೇಸಿಗೆಯಲ್ಲಿ ಎಂದೆ. ಕೋರ್ಸು ಅದರ ಬೆನ್ನಿಗೇ ಶುರುವಾಗುತ್ತದಲ್ಲ ಮಗಳೇ ಎಂದರು. ಮಗಳೇ ಅಂದರು ಅಕ್ಕಾ, ಪ್ರೀತಿಯಿಂದಲೇ. ಹೊಸ ಸಂಸಾರ, ನಿಮಗೆ ತೊಂದರೆಯಾಗುತ್ತದೆ, ಈ ವರ್ಷ ಹೆಸರು ತೆಗೆದಿಡಲೇ, ಮುಂದಿನ ವರ್ಷ ಮತ್ತೆ ಅರ್ಜಿ ಹಾಕುತ್ತೀರಾ?

ಇದು ನನಗೆ ನಮ್ಮ ಪಡಸಾಲೆಯ ಮಾತಿನ ಹಾಗೆಯೇ ಕೇಳಿಸಿತು. ಇಷ್ಟು ಮಾತಿಗೆ ಮೊದಲ ಸಲವೇ ಇಲ್ಲ ಇಲ್ಲ, ನನಗೆ ಈಗಲೇ ಬೇಕು ಎಂದು ಮೇಲೆ ಬೀಳುವವಳು ನೀನಲ್ಲ. ನಾನು ನೀನಾಗಿದ್ದೆ. ಕಣ್ಣು ಕೆಳಗೆ ಮಾಡಿದೆ — ಫೋನಿನಲ್ಲಿ ಯಾರಿಗೆ ಕಾಣಬೇಕು, ಆದರೂ ಮಾಡಿದೆ — ಹೇಳಿದೆ:

“ಆ್ಯಸ್ ಯು ಪ್ಲೀಸ್, ಮೇಡಂ.”

ನಿಮ್ಮಿಷ್ಟ ಅಂದೆ, ಅದು ನಿನ್ನ ಮೊದಲ ಒಲ್ಲೆ. ಆಮೇಲೆ ಕಾದೆ. ಅವರು ಒತ್ತಾಯ ಮಾಡುತ್ತಾರೆ, ಛೇ ಛೇ ನೀವು ಬರಲೇಬೇಕು ಅನ್ನುತ್ತಾರೆ, ಇನ್ನೊಂದು ಸಲ ಬೇಡ ಅಂದು ಮೂರನೆಯದಕ್ಕೆ ಹೂಂ ಅನ್ನೋಣ ಎಂದು. ಅವರು ಶುಭವಾಗಲಿ ಎಂದರು. ಲೈನು ಹೋಯಿತು. ದಿಲ್ಲಿಯಲ್ಲಿ ಎರಡನೆಯ ಸಲ ಕೇಳುವ ರೂಢಿ ಇಲ್ಲ.

ಗಿರಾಕಿ ನಕ್ಕ. ನಾನೂ ನಕ್ಕೆ. ಸುದ್ದಿ ಮುಟ್ಟಿಸುವುದೇ ಆ ರೂಢಿಯ ಜೀವ. ನಾನು ಅದೊಂದನ್ನೇ ಬಿಟ್ಟೆ. ಇವತ್ತು ಹೇಳೋಣ, ನಾಳೆ ಹೇಳೋಣ, ಹೇಗೂ ಅವರಿಂದ ಕಾಗದ ಬರುತ್ತದೆ, ಆಗ ಇಡೀ ನಾಟಕ ಆಡಿ ತೋರಿಸೋಣ...

ಕಾಗದ ಬಂತು. ನಾನು ಔಷಧದ ಡಬ್ಬಿ ಇಳಿಸಲು ಟೆಂಪೋದಲ್ಲಿ ತೋಟಕ್ಕೆ ಬಂದಿದ್ದೆ. ನೀನು ಕಟ್ಟೆಯ ಮೇಲೆ ನಿಂತು ಓದಿದೆ, ಕೂತು ಮತ್ತೊಮ್ಮೆ ಓದಿದೆ. ಆಮೇಲೆ ಎಲ್ಲರಿಗೂ ಕೇಳುವ ಹಾಗೆ ಕನ್ನಡದಲ್ಲಿ ಹೇಳಿದೆ: ಫೋನಿನಲ್ಲಿ ತಿಳಿಸಿದಂತೆ, ಮದುವೆಯ ಕಾರಣದಿಂದ, ಈ ವರ್ಷದ ಪಟ್ಟಿಯಿಂದ ಹೆಸರು ಕೈಬಿಡಲಾಗಿದೆ. ನಿನ್ನ ದನಿಯಲ್ಲಿ ರಾಗವೇ ಇರಲಿಲ್ಲ. ಆ ದನಿಯನ್ನು ನಾನು ಯಾವತ್ತೂ ತೆಗೆದಿಲ್ಲ, ತೆಗೆಯುವ ಶಕ್ತಿಯೂ ಇಲ್ಲ.

ನೀನು ನನ್ನ ಕಡೆ ತಿರುಗಿ ಕೇಳಿದೆ.

“ಬಾಳೂ, ಅಂಗಡಿಗೆ ದಿಲ್ಲಿ ಫೋನ್ ಬಂದಿತ್ತೇನೋ?”

“ಇಲ್ಲಬೇ ಅಕ್ಕಾ.”

ಅಂಗಡಿಯಲ್ಲಿ ಆಡಿದ್ದು ಹುಚ್ಚುತನ. ಇದು ಹಾಗಲ್ಲ. ಇದನ್ನು ಪೂರಾ ಎಚ್ಚರದಲ್ಲಿ, ನಿನ್ನ ಮುಖ ನೋಡುತ್ತ, ನನ್ನ ಸ್ವಂತ ದನಿಯಲ್ಲಿ ಹೇಳಿದೆ. ನನ್ನ ಅಪರಾಧ ಅಂದರೆ ಇದು.

ಅಂಗಡಿಗೆ ಫೋನ್ ಬಂದಿಲ್ಲ ಅಂದಮೇಲೆ ಈ ಕಡೆಯಿಂದಲೇ ಯಾರೋ ಮಾಡಿರಬೇಕು. ಲಗ್ನದ ಮಾತು ಗೊತ್ತಿದ್ದವರು ಮಾಡಿರಬೇಕು. ಆ ತಿಂಗಳು ದೊಡ್ಡಪ್ಪ ಔಷಧೋಪಚಾರಕ್ಕೆಂದು ಎರಡು ಸಲ ಮೀರಜಕ್ಕೆ ಹೋಗಿಬಂದಿದ್ದರು, ಅಲ್ಲಿಂದ ಫೋನ್ ಮಾಡಬಹುದಿತ್ತು; ರಾಯಬಾಗದವರು ಎರಡನೆಯ ಸಲ ಬಂದುಹೋಗಿದ್ದರು. ನೀನು ಕೂಡಿಸಿಕೊಂಡೆ. ಯಾರಾದರೂ ಹಾಗೇ ಕೂಡಿಸಿಕೊಳ್ಳುತ್ತಿದ್ದರು.

“ಅಪ್ಪಾ, ನನ್ನ ಲಗ್ನ ನಕ್ಕಿ ಆಗೈತಿ ಅಂತ ನನಗ ಗೊತ್ತಿಲ್ಲ, ದಿಲ್ಲಿಯವರಿಗೆ ಹ್ಯಾಂಗ ಗೊತ್ತಾತು?”

ದೊಡ್ಡಪ್ಪ ಏನೂ ತಿಳಿಯದೆ ನಿನ್ನನ್ನೇ ನೋಡಿದರು. ಆಮೇಲೆ ಅವರ ಮುಖದಲ್ಲಿ ಏನೋ ಬದಲಾಯಿತು, ನಾನು ಕಂಡೆ, ಏನೆಂದು ಆಗ ತಿಳಿಯಲಿಲ್ಲ. ಮೆಲ್ಲಗೆ ಅಂದರು:

“ನಾನಽ ಮಾಡೇನಿ ಅನ್ಕೋ.”

ನೀನು ಅಂದುಕೊಂಡೆ. ನಾನು ಡಬ್ಬಿ ಇಳಿಸುತ್ತ ನಿಂತಿದ್ದೆ.

ನೀನು ದಿಲ್ಲಿಗೆ ಕಾಗದ ಬರೆದೆ, ಈ ವರ್ಷದ ಆಯ್ಕೆ ಮುಗಿದಿದೆ ಎಂದು ಉತ್ತರ ಬಂತು. ಮರುವರ್ಷದ ಪಟ್ಟಿಯಲ್ಲಿ ಕೃಷಿಯೇ ಇರಲಿಲ್ಲ. ಚಿಕ್ಕೋಡಿಯ ಕೃಷಿ ಇಲಾಖೆಯಲ್ಲಿ ನಿನಗೆ ನೌಕರಿ ಸಿಕ್ಕಿತು, ನಿಪ್ಪಾಣಿಯ ಭಾವನಂಥ ಒಳ್ಳೆಯ ಮನುಷ್ಯ ಸಿಕ್ಕರು. ನಿನ್ನ ಬದುಕು ಹಾಳಾಯಿತು ಎಂದು ನಾನು ಬರೆಯಲಾರೆ, ಬರೆದರೆ ಭಾವನಿಗೆ ಅವಮಾನ. ಆದರೆ ನಮ್ಮ ಮಣೂಕ ಯಾಕೆ ಕಪ್ಪಾಗುತ್ತದೆ ಎಂದು ಕೊನೆಗೂ ದೊಡ್ಡಪ್ಪನಿಗೆ ಹೇಳಿಕೊಟ್ಟವನು ತಾಸಗಾಂವದ ಔಷಧ ಕಂಪನಿಯ ಏಜೆಂಟ್. ಯಾವ ನೀರಿನಲ್ಲಿ ಅದ್ದಬೇಕು, ಎಷ್ಟು ಹೊತ್ತು ಅದ್ದಬೇಕು ಎಂದು ಅವನು ಹೇಳುವಾಗ ದೊಡ್ಡಪ್ಪ ತಲೆ ಅಲ್ಲಾಡಿಸುತ್ತಿದ್ದರು. ನಾನು ಪಕ್ಕದಲ್ಲೇ ಇದ್ದೆ. ಅದು ನಿನ್ನ ಬಾಯಿಂದ ಬರಬೇಕಾಗಿದ್ದ ಮಾತು.

ಆ ಕಾಗದ ಬಂದ ದಿನದಿಂದ ನೀನು ದೊಡ್ಡಪ್ಪನ ಜೊತೆ ಮಾತಾಡಲಿಲ್ಲ. ಜಗಳವೂ ಆಡಲಿಲ್ಲ — ಜಗಳವಾದರೂ ಆಡಿದ್ದರೆ! ಹಬ್ಬಕ್ಕೆ ಬರುತ್ತೀ, ಅವರಿಗೆ ಬೇಕಾದ ಮಾತ್ರೆ ತರುತ್ತೀ, ಅವರು ಎದುರಿಗೇ ಕೂತಿದ್ದರೂ ನನಗೆ ಹೇಳುತ್ತೀ: ಎಲಿ ಹಾಕೇತಿ ಅಂತ ಹೇಳು. ಅವರೂ ನನಗೇ ಹೇಳುತ್ತಾರೆ: ಮೊದಲ ಹುಡುಗರು ಉಣ್ಣಲಿ ಅಂತ ಹೇಳು. ಮಾರುದ್ದದ ಪಡಸಾಲೆಯಲ್ಲಿ ನಾನು ನಿಮ್ಮಿಬ್ಬರಿಗೂ ಟ್ರಂಕ್ ಆಪರೇಟರ್. ಅದರಲ್ಲೂ ನಾಚಿಕೆಗೆಟ್ಟವನು ನಾನು — ನಿನ್ನ ಮಾತನ್ನು ನಿನ್ನ ರಾಗದಲ್ಲಿ, ಅವರದನ್ನು ಅವರ ಗೊಗ್ಗರು ದನಿಯಲ್ಲಿ ಮುಟ್ಟಿಸುತ್ತಿದ್ದೆ. ಮಕ್ಕಳು ನಗುತ್ತಿದ್ದರು, ಭಾವ ನಗುತ್ತಿದ್ದರು, ಒಂದೊಂದು ಸಲ ನಿಮ್ಮಿಬ್ಬರ ತುಟಿಯೂ ಒಟ್ಟಿಗೇ ಅಲುಗುತ್ತಿತ್ತು. ಅಷ್ಟಕ್ಕೆ ನಾನು ಏನೋ ರಿಪೇರಿ ಮಾಡಿದೆ ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಒಡೆದವನೇ ತೇಪೆ ಹಾಕಿ ಶಾಬಾಸ್ ಅನ್ನಿಸಿಕೊಳ್ಳುವ ಹಾಗೆ.

ಹೋದ ಸೋಮವಾರ ದೊಡ್ಡಪ್ಪ ಅಂಗಡಿಗೆ ಬಂದಿದ್ದರು. ತೋಟದ ಔಷಧ ತೆಗೆದುಕೊಂಡ ಮೇಲೂ ಏಳಲಿಲ್ಲ. ಚಹಾ ತರಿಸಿದೆ. ಒಲ್ಲೆ ಅನ್ನದೆ ಮೊದಲ ಸಲಕ್ಕೇ ತೆಗೆದುಕೊಂಡರು. ನನಗೆ ಅದೇ ವಿಚಿತ್ರ ಅನ್ನಿಸಿತು. ಕಪ್ಪು ಕೆಳಗಿಟ್ಟು, ರಸ್ತೆಯ ಕಡೆ ನೋಡುತ್ತ ಅಂದರು:

“ಬಾಳೂ, ವಿಮಲಾ ನನ್ನ ಅಪ್ಪಾ ಅಂತ ಕರೀತಿದ್ಲಲ್ಲ. ಹ್ಯಾಂಗ ಕರೀತಿದ್ಲು, ಒಮ್ಮೆ ಮಾಡಿ ತೋರಸು. ಮರತಂಗ ಆಗೇತಿ.”

ಬಾಯಿ ತೆರೆದೆ. ‘ಅಂ...’ ಕೂಡ ಬರಲಿಲ್ಲ. ನನ್ನ ಜೀವಮಾನದಲ್ಲಿ ಕೇಳಿದ ದನಿ ಬರದೆ ಹೋದದ್ದು ಅದೊಂದೇ ಸಲ. ಅವರು ಕಾಯುತ್ತಿದ್ದರು, ಮುಖದಲ್ಲಿ ನಗು ಸಿದ್ಧವಾಗಿತ್ತು. ನಾನು ಎಲ್ಲ ಹೇಳಿಬಿಟ್ಟೆ. ಫೋನು, ರಾಯಬಾಗ, ಆ್ಯಸ್ ಯು ಪ್ಲೀಸ್, ಇಲ್ಲಬೇ ಅಕ್ಕಾ... ಎಲ್ಲ.

ಅವರು ಬೈಯಲಿಲ್ಲ. ಬೈದಿದ್ದರೆ ನಾನು ಇವತ್ತು ಇಷ್ಟು ಉದ್ದ ಬರೆಯುತ್ತಿರಲಿಲ್ಲ. ಹಾಗಾದರ ಆಕಿ ತಾನಽ ಬ್ಯಾಡ ಅಂದಿರಲಿಲ್ಲ? ಎಂದು ಕೇಳಿದರು. ನನಗೆ ತಿಳಿಯಲಿಲ್ಲ. ಆಮೇಲೆ ತುಂಡು ತುಂಡಾಗಿ ಹೇಳಿದರು. ಆ ವರ್ಷ ಅವರಿಗೆ ಮೈ ಸರಿಯಿರಲಿಲ್ಲವಲ್ಲ. ಅಪ್ಪನನ್ನು ಬಿಟ್ಟು ಹೋಗಲಾರದೆ ನೀನೇ ದಿಲ್ಲಿಗೆ ಬೇಡ ಎಂದು ಹೇಳಿದ್ದೀ, ಬಾಯಿಬಿಟ್ಟು ಹೇಳಲು ನಾಚಿ ಅವರ ಮೇಲೆ ಹಾಕುತ್ತಿದ್ದೀ ಎಂದು ಆ ಕಟ್ಟೆಯ ಹತ್ತಿರ ಅವರಿಗೆ ಅನ್ನಿಸಿತಂತೆ. ಅದಕ್ಕೇ, ನಾನಽ ಮಾಡೇನಿ ಅನ್ಕೋ. ನೀನು ಮಾತು ಬಿಟ್ಟದ್ದನ್ನೂ ಅವರು ಹಾಗೇ ಓದಿಕೊಂಡರು — ಹೋಗದೆ ಉಳಿದ ಸಂಕಟ, ಮಗಳ ಮಮತೆ ಎಂದು. ಒಂಬತ್ತು ವರ್ಷ ಅವರು ಅದರ ಮೇಲೆ ಬದುಕಿದ್ದಾರೆ ಅಕ್ಕಾ. ಸೋಮವಾರ ಅದನ್ನೂ ನಾನು ಕಿತ್ತುಕೊಂಡೆ.

ಏಳುವಾಗ ನನ್ನ ಹೆಗಲ ಮೇಲೆ ಕೈಯಿಟ್ಟರು.

“ಆಕಿಗೆ ಹೇಳಬ್ಯಾಡ. ನನ್ನ ಕೂಡ ಮಾತ ಬಿಟ್ಟಾಳ. ನಿನ್ನ ಕೂಡೂ ಬಿಟ್ಟರ ತವರಮನ್ಯಾಗ ಆಕಿಗೆ ಮಾತಾಡಾಕ ಯಾರ ಉಳದರು?”

ನಾಲ್ಕು ದಿನ ಆ ಮಾತನ್ನು ಪಾಲಿಸಿದೆ. ಐದನೆಯ ದಿನಕ್ಕೆ ನನಗೆ ಗೊತ್ತಾಯಿತು: ಅವರ ಮಾತಿನ ನೆರಳಲ್ಲಿ ನಾನು ಮತ್ತೆ ಅಡಗಿಕೊಳ್ಳುತ್ತಿದ್ದೇನೆ, ಈ ಸಲ ಅವರ ಅಪ್ಪಣೆ ಪಡೆದು. ಅದಕ್ಕೆ ಇದನ್ನು ಬರೆದೆ. ದೊಡ್ಡಪ್ಪನ ಮಾತು ಮೀರಿದ್ದು ನನ್ನ ಲೆಕ್ಕದಲ್ಲೇ ಇರಲಿ.

ನಾನೇ ಚಿಕ್ಕೋಡಿಗೆ ಬಂದು ಹೇಳಬಹುದಿತ್ತು. ಆದರೆ ಎದುರಿಗೆ ಬಂದರೆ ನಾನು ನಿನ್ನನ್ನು ನಗಿಸಿಬಿಡುತ್ತೇನೆ, ನಗುತ್ತ ನೀನು ಕ್ಷಮಿಸಿಬಿಡುತ್ತೀ. ಆ ಹೆದರಿಕೆಗೆ ಬರಲಿಲ್ಲ. ಈ ಕಾಗದದಲ್ಲಿ ಕ್ಷಮೆಯನ್ನೂ ಕೇಳಿಲ್ಲ, ಗಮನಿಸಿರಬಹುದು. ಕೇಳಿದರೆ ನೀನು ಅದಕ್ಕೆ ಉತ್ತರ ಕೊಡುತ್ತ ಕೂರುತ್ತೀ, ಹೊತ್ತು ಹೋಗುತ್ತದೆ. ಅವರಿಗೆ ಎಪ್ಪತ್ತಾಗುತ್ತ ಬಂತು.

ಕಾಗವಾಡಕ್ಕೆ ಹೋಗು. ಅವರು ಏನೂ ಮಾಡಿರಲಿಲ್ಲ. ಅವರನ್ನು ಅಪ್ಪಾ ಎಂದು ಕರೆ. ಅದಾದ ಮೇಲೆ ನನ್ನ ಜೊತೆ ಮಾತು ಬಿಡುವುದಿದ್ದರೆ ಬಿಡು. ನಡುವೆ ನಿಂತು ಸುದ್ದಿ ಮುಟ್ಟಿಸಿರೆಂದು ನಾನು ಯಾರನ್ನೂ ಕೇಳುವುದಿಲ್ಲ.